ನಿಮಗೆ ಅಧಿಕಾರ ಕೊಟ್ಟವರು ಯಾರು?

ಹೋದ ವಾರ ಹಾಸನದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅಲ್ಲಿ ಅವಳು ಯೋಗ ತರಗತಿ ನಡೆಸುತ್ತಾಳೆ. ತರಗತಿಗೆ ಬರುವ ಹೆಂಗಸರಲ್ಲಿ ಹಲವರು ಆಸನಗಳನ್ನೆಲ್ಲ ಶ್ರದ್ಧೆಯಿಂದ ಮಾಡಿ, ಮನೆಗೆ ಮರಳುವ ದಾರಿಯಲ್ಲಿ ಬೋಂಡಾ ಕಟ್ಟಿಸಿಕೊಂಡು ಹೋಗುತ್ತಾರಂತೆ! ಅವರಿಗಾಗಿ ಊಟ ತಿಂಡಿಯ ಅಭ್ಯಾಸ ತಿದ್ದಿಕೊಳ್ಳುವ ಕಾರ್ಯಾಗಾರವೊಂದನ್ನು ಆರಂಭಿಸಬೇಕೆಂಬುದು ಅವಳ ಆಸೆ. ಹೊರದೇಶದ ಸಂಸ್ಥೆಯೊಂದು ಶುಲ್ಕ ಕಟ್ಟಿಸಿಕೊಂಡು ಲೈಸೆನ್ಸ್, ಕೈಪಿಡಿ ಹಾಗೂ ತನ್ನ ಹೆಸರನ್ನು ಬಳಸಿಕೊಳ್ಳುವ ಹಕ್ಕನ್ನು ಕೊಡುತ್ತದೆಯಂತೆ. "ನೀವು ಯಾವ ಲೈಸೆನ್ಸೂ ಇಲ್ಲದೆ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೀರಲ್ಲ ಟೀಚರ್, ನಾನ್ಯಾಕೆ ಅಷ್ಟೊಂದು ದುಡ್ಡು ಸುರೀಬೇಕು?" ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಫೋನಿನಲ್ಲಿ ಉತ್ತರ ಹೇಳಲು ನಾಲಿಗೆ ಏಳಲಿಲ್ಲ. "ಬರೆದು ತಿಳಿಸುತ್ತೇನೆ" ಎಂದು ಫೋನಿಟ್ಟೆ. ನಮ್ಮ ಗುರುವಾರದ ಗುಂಪಿನ ಬಗ್ಗೆ ಬಂಧುಗಳಲ್ಲಿ ಅನೇಕರಿಗೆ ಗೊತ್ತು. ಆದರೆ ಅದು 2018ರಲ್ಲಿ ಏಕೆ ನಿಂತುಹೋಗಿತ್ತು ಎಂಬುದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. "ಮಳೆಗಾಲ, ಜನ ಬರಲಿಲ್ಲ" ಎಂದು ತೇಲಿಸಿಬಿಟ್ಟಿದ್ದೆ.

2017ರಲ್ಲಿ ಆರು ತಿಂಗಳು ನ್ಯೂ ಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಅವಳು ಅಲ್ಲಿನ ಸಮುದಾಯ ಭವನವೊಂದರಲ್ಲಿ ಮಧುಮೇಹ ತಡೆಗಟ್ಟುವ ತರಗತಿಗಳನ್ನು ನಡೆಸುತ್ತಿದ್ದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದೆ. ಗುಜರಾತಿ ಅಜ್ಜಿಯರು, ತೆಲುಗಿನ ನಿವೃತ್ತ ಇಂಜಿನಿಯರೊಬ್ಬರು, ಇಬ್ಬರು ಕರಿಯ ಹೆಂಗಸರು, ಹೀಗೆ ಹತ್ತು ಹನ್ನೆರಡು ಜನ. ಬಂದವರ ತೂಕವನ್ನು ಪರದೆಯ ಹಿಂದೆ ಒಬ್ಬೊಬ್ಬರನ್ನಾಗಿ ಕರೆದು ನೋಡುತ್ತಿದ್ದಳು. ಒಬ್ಬರ ತೂಕ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಆ ವಾರ ತಿಂದದ್ದನ್ನು ಬರೆದಿಟ್ಟ ಪುಸ್ತಕ ತೆರೆದು ಮಾತುಕತೆ. ಮಗಳು ಉಪದೇಶ ಮಾಡುತ್ತಲೇ ಇರಲಿಲ್ಲ. "ಆ ಹೊತ್ತಿಗೆ ನಿಮಗೆ ಹಸಿವಿತ್ತೇ? ಯಾರ ಜೊತೆಗಿದ್ದಿರಿ?" ಎಂದು ಕೇಳಿ ಸುಮ್ಮನಾಗುವಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಆ ಮೌನ ಸಹಿಸಲಾಗುತ್ತಿರಲಿಲ್ಲ.

ಈ ತರಗತಿಗಳ ಹಿಂದೆ ದೊಡ್ಡ ಪರಿಶೋಧನೆಯೊಂದಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 3,234 ಜನರನ್ನು ಅಮೆರಿಕದಲ್ಲಿ ಮೂರು ಗುಂಪು ಮಾಡಿ ನೋಡಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರ, ವ್ಯಾಯಾಮ ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತ್ತು; ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇಕಡಾ 31ರಷ್ಟು ಮಾತ್ರ. ಗುರಿಯೇನೂ ಭಯಂಕರವಾದದ್ದಲ್ಲ: ತೂಕದಲ್ಲಿ ಶೇಕಡಾ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ನಮ್ಮ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರಲ್ಲಿ ಇಂಥದೇ ಪರಿಶೋಧನೆ ನಡೆಸಿ, ಇಳಿಕೆ ಶೇಕಡಾ 28.5 ಎಂದು 2006ರಲ್ಲಿ ತೋರಿಸಿತು. ಅಮೆರಿಕದ ಅಂಕಿಯಷ್ಟು ಇಲ್ಲವಾದರೂ ಅಲ್ಲಗಳೆಯುವಂಥದ್ದಲ್ಲ.

ಅಮೆರಿಕದಲ್ಲಿ ಇಂಥ ತರಗತಿ ನಡೆಸುವ ಸಂಸ್ಥೆಗೆ ಸಿ.ಡಿ.ಸಿ. ಎಂಬ ಕೇಂದ್ರ ಆರೋಗ್ಯ ಇಲಾಖೆ ಮಾನ್ಯತೆ ಕೊಡುತ್ತದೆ. ಮಾನ್ಯತೆ ಎಂದ ಕೂಡಲೇ ನನಗೆ ನಮ್ಮ ಶಾಲೆಯ ಇನ್‌ಸ್ಪೆಕ್ಷನ್ ದಿನಗಳು ನೆನಪಾದವು! ತರಗತಿ ಪೂರಾ ಒಂದು ವರ್ಷ ನಡೆಯಬೇಕು. ಮೊದಲ ಆರು ತಿಂಗಳಲ್ಲಿ ಕನಿಷ್ಠ 16, ಉಳಿದ ಆರು ತಿಂಗಳಲ್ಲಿ 6. ಹಾಜರಿ, ತೂಕ, ನಡಿಗೆಯ ನಿಮಿಷ ಎಲ್ಲವನ್ನೂ ನಿಯತವಾಗಿ ಕಳುಹಿಸಬೇಕು. ಆಗ ಗುಂಪಿನ ಸರಾಸರಿ ತೂಕ ಇಷ್ಟಾದರೂ ಇಳಿದಿರಬೇಕಿತ್ತು. ಮಗಳು ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರಿನ ಮುಂದೆ ಕೂತು ಅಂಕಿ ತುಂಬಿಸುವುದನ್ನು ಕಂಡು, "ಪಾಠಕ್ಕಿಂತ ರಿಜಿಸ್ಟರೇ ಹೆಚ್ಚಾಯಿತಲ್ಲೇ" ಎಂದು ಹಾಸ್ಯ ಮಾಡಿದ್ದೆ. ಪಾಠ ಹೇಳುವವರು ವೈದ್ಯರೋ ಆಹಾರ ತಜ್ಞರೋ ಆಗಿರಬೇಕೆಂದಿಲ್ಲ, ತರಬೇತಿ ಪಡೆದ ಯಾರಾದರೂ ಆಗಬಹುದು ಎಂಬುದೊಂದೇ ನನ್ನ ತಲೆಯಲ್ಲಿ ಉಳಿದದ್ದು. ಹಾಗಾದರೆ ನಾನೇಕಾಗಬಾರದು?

ಜೀನ್ ನೈಡೆಚ್ ಎಂಬಾಕೆಯ ಕಥೆಯನ್ನೂ ಅಲ್ಲಿಯೇ ಓದಿದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಗೃಹಿಣಿ. 214 ಪೌಂಡು, ಅಂದರೆ ಸುಮಾರು 97 ಕಿಲೋ ತೂಕ. ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಬಿಸ್ಕತ್ತು ಬಚ್ಚಿಟ್ಟುಕೊಂಡು ತಿನ್ನುತ್ತಿದ್ದಳು. ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯದವರು ಕೊಟ್ಟ ಆಹಾರ ಕ್ರಮ ಸರಿಯಾಗಿಯೇ ಇತ್ತು, ಆದರೆ ಬಿಸ್ಕತ್ತಿನ ವಿಷಯ ಹೇಳಿಕೊಳ್ಳಲು ಅಲ್ಲಿ ಬಾಯಿ ಬರಲಿಲ್ಲ. 1961ರಲ್ಲಿ ಆರು ಜನ ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡಳು. ಅವರೂ ತಮ್ಮ ತಮ್ಮ ಗುಟ್ಟುಗಳನ್ನು ಬಿಚ್ಚಿದರು. ಎರಡೇ ವರ್ಷದಲ್ಲಿ, 1963ರಲ್ಲಿ, ಅದು ವೇಟ್ ವಾಚರ್ಸ್ ಎಂಬ ಕಂಪನಿಯಾಯಿತು. ಸ್ವತಃ ತೂಕ ಇಳಿಸಿಕೊಂಡವರೇ ಗುಂಪಿನ ಮುಂದಾಳುಗಳು. ಊರೂರಿಗೆ ಹೆಸರು ಬಳಸುವ ಹಕ್ಕನ್ನು ಮಾರಿದರು. 1978ರಲ್ಲಿ ಇಡೀ ಕಂಪನಿಯನ್ನು ಹೈಂಜ್ ಕೊಂಡುಕೊಂಡಿತು. ಇದಕ್ಕೂ ಮೊದಲೇ, 1960ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಓವರ್‌ಈಟರ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತ್ತು. ಅಲ್ಲಿ ಶುಲ್ಕವಿಲ್ಲ, ಲೈಸೆನ್ಸ್ ಇಲ್ಲ; ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ನನ್ನ ಮನಸ್ಸು ಸಹಜವಾಗಿಯೇ ಈ ಎರಡನೆಯದರತ್ತ ವಾಲಿತು. ನಾನೂ ಬಚ್ಚಿಟ್ಟು ತಿನ್ನುವವಳೇ. ನಮ್ಮವರು ತೀರಿಕೊಂಡ ಮೇಲೆ ರಾತ್ರಿ ನಿದ್ದೆ ಬಾರದಾಗ ಅಡುಗೆಮನೆಯ ದೀಪ ಹಾಕದೆ ಕೊಬ್ಬರಿ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದೆ. ಕತ್ತಲಲ್ಲಿ ತಿಂದದ್ದು ಲೆಕ್ಕಕ್ಕಿಲ್ಲವಲ್ಲ!

2018ರ ಜೂನ್‌ನಲ್ಲಿ ಶಿವಮೊಗ್ಗದ ನಮ್ಮ ಮನೆಯ ನಡುಮನೆಯಲ್ಲಿ ಗುಂಪು ಆರಂಭವಾಯಿತು. ಮಗಳು ಕೊಟ್ಟಿದ್ದ ಪಾಠಗಳನ್ನು ನಾನೇ ಕನ್ನಡಕ್ಕೆ ತಂದಿದ್ದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಸಿ.ಡಿ.ಸಿ.ಯ ಪಠ್ಯ ಯಾರಿಗಾದರೂ ಉಚಿತ. ಮುಂಭಾಗದಲ್ಲಿದ್ದ ನಿಯಮಗಳ ಪುಟಗಳನ್ನು ಮಾತ್ರ 'ಆಫೀಸಿನ ಕಾಗದ' ಎಂದು ಬದಿಗಿಟ್ಟೆ. ನಿವೃತ್ತ ಶಿಕ್ಷಕಿಯರು, ನೆರೆಹೊರೆಯವರು ಸೇರಿ ಹದಿಮೂರು ಜನ. ಎಷ್ಟು ಚೆನ್ನಾಗಿತ್ತು ಆ ಮಾತುಕತೆ! ಏಕಾದಶಿಯ ಉಪವಾಸವೆಂದು ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ರಸಾಯನ ಸೇರಿ ದಿನದ ಊಟಕ್ಕಿಂತ ಹೆಚ್ಚು ತಿನ್ನುತ್ತೇವೆಂದು ಒಬ್ಬರು ಲೆಕ್ಕ ಹಾಕಿ ತೋರಿಸಿದರು. ಮಕ್ಕಳ ತಟ್ಟೆಯಲ್ಲಿ ಮಿಕ್ಕದ್ದನ್ನು ಚೆಲ್ಲಲಾರದೆ ನಲವತ್ತು ವರ್ಷ ತಿಂದೆನೆಂದು ಇನ್ನೊಬ್ಬರು ಅತ್ತರು. ಧಾರಾವಾಹಿ ನೋಡುತ್ತಾ ಒಂದು ಸೇರು ಮಂಡಕ್ಕಿ ಮುಗಿಸುವವರಿದ್ದರು.

ಒಂದು ಕಡೆ ಮಾತ್ರ ನಾನು ಮಗಳ ಕ್ರಮವನ್ನು 'ಸುಧಾರಿಸಿದ್ದೆ'. ತೂಕದ ಯಂತ್ರವನ್ನು ನಡುಮನೆಯ ಮಧ್ಯದಲ್ಲಿಟ್ಟು, ಪ್ರತಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲರ ತೂಕವನ್ನೂ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ "ಮುಂದಿನ ವಾರ ನೋಡೋಣ". ಪ್ರಗತಿ ಪತ್ರ ಬರೆದ ಕೈ ಸುಮ್ಮನಿರುತ್ತದೆಯೇ?

ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದವರು ನಮ್ಮ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದ ನನ್ನ ಗೆಳತಿ. ವಾರ ತಪ್ಪದಂತೆ ಅವರ ಅಂಕಿ ಇಳಿಯುತ್ತಿತ್ತು. "ಇವರನ್ನು ನೋಡಿ ಕಲಿಯಿರಿ" ಎಂದು ನಾನು ಉಳಿದವರಿಗೆ ಹೇಳುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಮಾತ್ರೆ ನುಂಗುತ್ತಿದ್ದುದು ನನಗೆ ಗೊತ್ತಿತ್ತು. ಕಾಯಿಲೆಯಿರುವವರಿಗೇ ಅಲ್ಲವೇ ಇದು ಹೆಚ್ಚು ಉಪಯೋಗ ಎಂದುಕೊಂಡಿದ್ದೆ.

ಶ್ರಾವಣದ ಒಂದು ಗುರುವಾರ ಅವರು ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಕುಸಿದರು. ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲು. ನಾವು ಹದಿಮೂರು ಜನ ಅವಿವೇಕಿಗಳು ಗಾಳಿ ಬೀಸುತ್ತಾ, ದೇವರ ಹೆಸರು ಹೇಳುತ್ತಾ ನಿಂತೆವೇ ಹೊರತು ಒಬ್ಬರಿಗೂ ಒಂದು ಲೋಟ ಸಕ್ಕರೆ ನೀರು ಕುಡಿಸಬೇಕೆಂದು ಹೊಳೆಯಲಿಲ್ಲ. ಪಕ್ಕದ ಮನೆಯ ಹುಡುಗ ಆಟೋ ತಂದ. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ 50ಕ್ಕೂ ಕೆಳಗಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಆದರೆ ಬಿದ್ದಾಗ ಊರಿದ ಬಲಗೈಯ ಮಣಿಕಟ್ಟು ಮುರಿದಿತ್ತು. ಹೊಲಿಗೆಯ ಕೈ.

ಆಮೇಲೆ ತಿಳಿಯಿತು. ಕರಿಹಲಗೆಯ ಮೇಲೆ ತಮ್ಮ ಅಂಕಿ ಏರಬಾರದೆಂದು ಅವರು ಬುಧವಾರ ರಾತ್ರಿಯ ಊಟ ಬಿಡುತ್ತಿದ್ದರು, ಗುರುವಾರದ ತಿಂಡಿಯನ್ನೂ ಬಿಡುತ್ತಿದ್ದರು. ಮಾತ್ರೆ ಮಾತ್ರ ಎಂದಿನಂತೆ. ಗುರುವಾರ ಮಧ್ಯಾಹ್ನ ಮನೆಗೆ ಹೋಗಿ, ಎರಡು ಹೊತ್ತಿನ ಹಸಿವನ್ನೂ ಒಮ್ಮೆಗೇ ತೀರಿಸಿಕೊಂಡು, ಮತ್ತೆ ಹೆದರಿ ಉಪವಾಸ. ನುಂಗುತ್ತಿದ್ದದ್ದು ಗ್ಲಿಮಿಪಿರೈಡ್. ಅದು ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹತ್ತನೆಯ ತರಗತಿಗೆ ಇದೇ ಗ್ರಂಥಿಯ ಚಿತ್ರ ಬರೆದು ಬರೆದು ಪಾಠ ಹೇಳಿದ ವಿಜ್ಞಾನದ ಶಿಕ್ಷಕಿ ನಾನು.

ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಅವರ ಮಗ ಸಿಕ್ಕಿದ. ಅವನೂ ನನ್ನ ವಿದ್ಯಾರ್ಥಿಯೇ. ಎಂದೂ ನನ್ನೆದುರು ದನಿಯೆತ್ತಿದವನಲ್ಲ, ಅಂದೂ ಎತ್ತಲಿಲ್ಲ. "ಟೀಚರ್, ನಮ್ಮಮ್ಮನ್ನ ಹೀಗೆ ತೂಕಕ್ಕೆ ನಿಲ್ಲಿಸೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದ.

ಅಂದು ರಾತ್ರಿ ಬದಿಗಿಟ್ಟಿದ್ದ ಆ ಆಫೀಸಿನ ಕಾಗದಗಳನ್ನು ತೆಗೆದು ಓದಿದೆ. ಆರಂಭದಲ್ಲಿಯೇ, ಯಾರನ್ನು ಸೇರಿಸಿಕೊಳ್ಳಬೇಕು ಎಂಬಲ್ಲಿಯೇ, ಸ್ಪಷ್ಟವಾಗಿತ್ತು: ಈಗಾಗಲೇ ಮಧುಮೇಹ ಇದೆಯೆಂದು ತಿಳಿದವರನ್ನು ಈ ತರಗತಿಗೆ ಸೇರಿಸಿಕೊಳ್ಳುವಂತಿಲ್ಲ. ಗರ್ಭಿಣಿಯರನ್ನೂ ಕೂಡದು. ನಾನು ನಗೆಯಾಡಿದ್ದ ಆ ರಿಜಿಸ್ಟರಿನ ಮೊದಲ ಸಾಲೇ ನನ್ನ ಗೆಳತಿಯ ಮಣಿಕಟ್ಟನ್ನು ಕಾಯುತ್ತಿತ್ತು. ಮಗಳಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. ತನ್ನ ತರಗತಿಯಲ್ಲಿ ಮಾಡುವಂತೆಯೇ, "ಕರಿಹಲಗೆಯ ಮೇಲೆ ಬರೆಯಬೇಕು ಅಂತ ನಿನಗೆ ಯಾಕೆ ಅನ್ನಿಸ್ತಮ್ಮ?" ಎಂದು ಕೇಳಿ ಸುಮ್ಮನಾದಳು. ಆ ಮೌನದಲ್ಲಿ ನಾನು ಬಹಳ ಹೊತ್ತು ಕೂತಿದ್ದೆ.

ಗುಂಪು ಐದು ತಿಂಗಳು ನಿಂತಿತು. ಮತ್ತೆ ತೆರೆಯುವ ಧೈರ್ಯ ನನಗಿರಲಿಲ್ಲ. ತೆರೆಯಿರೆಂದು ಒತ್ತಾಯಿಸಿದವರು ಹೊಲಿಗೆ ಟೀಚರೇ. "ನೀವು ನಿಲ್ಲಿಸಿದರೆ ತಪ್ಪು ನನ್ನದು ಅಂತಾಗುತ್ತೆ, ತಪ್ಪು ಆ ಬೋರ್ಡಿಂದು" ಎಂದರು. ಬೋರ್ಡಿಗೆ ಕೈಕಾಲು ಇರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವರ ದೊಡ್ಡತನ ಅದು.

2019ರ ಜನವರಿಯಲ್ಲಿ ಮತ್ತೆ ಕೂಡಿದಾಗ ಪರಿಚಿತ ವೈದ್ಯರೊಬ್ಬರು ಜೊತೆಯಾದರು. ಸೇರುವ ಮೊದಲು ರಕ್ತ ಪರೀಕ್ಷೆಯ ವರದಿ ಮತ್ತು ನುಂಗುವ ಮಾತ್ರೆಗಳ ಪಟ್ಟಿಯನ್ನು ಅವರಿಗೆ ತೋರಿಸಬೇಕು. ಮಧುಮೇಹವಿರುವವರು ಅವರ ಬಳಿ ಬೇರೆಯಾಗಿ ಹೋಗುತ್ತಾರೆ. ಹಸಿದು ಹಸಿದು ಒಮ್ಮೆಗೇ ತಿನ್ನುವವರು, ತಿಂದು ವಾಂತಿ ಮಾಡಿಕೊಳ್ಳುವವರು ಕಂಡುಬಂದರೆ ಅದು ಮನೋವೈದ್ಯರ ಕೆಲಸ, ನಮ್ಮದಲ್ಲ. ಕರಿಹಲಗೆ ಅಟ್ಟ ಸೇರಿತು. ಕೊರೋನಾ ಕಾಲದ ಎರಡು ವರ್ಷ ಬಿಟ್ಟರೆ ಅಂದಿನಿಂದ ತಪ್ಪದೆ ನಡೆದಿದೆ. ಎಲ್ಲರ ತೂಕವೂ ಇಳಿದಿದೆಯೆಂದು ಹೇಳಲಾರೆ. ತಿರುವನಂತಪುರ ಜಿಲ್ಲೆಯಲ್ಲಿ 1,007 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಹೀಗೆಯೇ ಗುಂಪುಗಳಾಗಿ ಮಾಡಿ, ಅವರಲ್ಲೇ ಕೆಲವರನ್ನು ಮುಂದಾಳುಗಳಾಗಿ ತರಬೇತುಗೊಳಿಸಿ ನಡೆಸಿದ ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತು, ಮದ್ಯ ಕಡಿಮೆಯಾಯಿತು. ಮಧುಮೇಹವೇ ತಗ್ಗಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಅವರು ಕೂಡ ಮಧುಮೇಹವಿದ್ದವರನ್ನು ಮೊದಲೇ ಪರೀಕ್ಷಿಸಿ ಹೊರಗಿಟ್ಟಿದ್ದರು.

ಆದ್ದರಿಂದ, ಹಾಸನದ ಮಗಳೇ, ನಾಲ್ಕು ಜನ ಕೂಡಿ ಊಟದ ಮಾತಾಡುವುದಕ್ಕೆ ನಿನ್ನನ್ನು ಯಾರೂ ಲೈಸೆನ್ಸ್ ಕೇಳಲಾರರು. ಆದರೆ ಆಹಾರ ತಜ್ಞೆ ಎಂದು ಫಲಕ ಹಾಕಿಕೊಳ್ಳಬೇಡ. ಅದು ಓದಿ ಪಡೆಯುವ ವೃತ್ತಿ, 2021ರ ಕೇಂದ್ರ ಕಾಯಿದೆಯ ಪಟ್ಟಿಯಲ್ಲಿ ಸೇರಿರುವಂಥದ್ದು. ಆ ಸಂಸ್ಥೆಗೆ ಹಣ ಕಟ್ಟುವ ಮುನ್ನ ಒಂದು ಪತ್ರ ಬರೆ. ಯಾರನ್ನು ಸೇರಿಸಿಕೊಳ್ಳಬಾರದು, ಯಾರನ್ನು ಯಾವಾಗ ವೈದ್ಯರಲ್ಲಿಗೆ ಕಳುಹಿಸಬೇಕು ಎಂಬುದನ್ನು ನಿಮ್ಮ ಕೈಪಿಡಿ ಹೇಳುತ್ತದೆಯೇ ಎಂದು ಕೇಳು. ಹೆಸರು, ಚಿಹ್ನೆ, ಭಿತ್ತಿಪತ್ರಗಳ ಬಗ್ಗೆ ಮಾತ್ರ ಉತ್ತರ ಬಂದರೆ ಆ ದುಡ್ಡಿಗೆ ನಾಲ್ಕು ಚಾಪೆ, ಒಂದು ಗ್ಲೂಕೋಮೀಟರ್ ಕೊಂಡುಕೋ. ನಮ್ಮಲ್ಲಿಗೆ ಬಂದು ಒಂದು ಗುರುವಾರ ಕೂತು ನೋಡುವುದಾದರೂ ಆಗಬಹುದು.

ಬರುವುದಾದರೆ ಬಾಗಿಲಲ್ಲಿ ಹೊಲಿಗೆ ಟೀಚರ್ ಇರುತ್ತಾರೆ. ಅವರ ಬಲಗೈಗೆ ಈಗಲೂ ಸೂಜಿಗೆ ದಾರ ಪೋಣಿಸುವುದು ಕಷ್ಟ. ಹಾಜರಿ ಪುಸ್ತಕವನ್ನು ಎಡಗೈಯಲ್ಲಿ ಬರೆಯುತ್ತಾರೆ. ವರದಿಯಿಲ್ಲದೆ ಬಂದವರನ್ನು ಒಳಗೆ ಬಿಡುವುದಿಲ್ಲ. ಕಳೆದ ಗುರುವಾರ ನನ್ನ ನಾದಿನಿಯನ್ನೇ, ಭದ್ರಾವತಿಯಿಂದ ಬಸ್ಸು ಹತ್ತಿ ಬಂದವಳನ್ನು, ಕಾಫಿ ಕೊಟ್ಟು ಹಿಂದಕ್ಕೆ ಕಳುಹಿಸಿದರು. ಅವಳಿಗೆ ನನ್ನ ಮೇಲೆ ಸಿಟ್ಟು, ಫೋನು ಎತ್ತುತ್ತಿಲ್ಲ. ನನ್ನ ಬರಹಗಳನ್ನು ತಪ್ಪದೆ ಓದುವವಳಾದ್ದರಿಂದ ಇಲ್ಲಿಯೇ ಹೇಳುತ್ತಿದ್ದೇನೆ: ವರದಿ ತೆಗೆದುಕೊಂಡು ಈ ಗುರುವಾರ ಬಾರಮ್ಮ, ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.