ಯಾವೂರಿನ ವಸ್ತು? ದಾವಣಗೆರೆ ಪೇಟೆಯಲ್ಲೊಂದು ಸುತ್ತು

ದಾವಣಗೆರೆಯೆಂದೊಡನೆ ನಿಮಗೆ ಬೆಣ್ಣೆ ದೋಸೆ ನೆನಪಾಗಬಹುದು. ಆದರೆ ಊರಿನ ಹಿರಿಯರನ್ನು ಕೇಳಿ ನೋಡಿ, ಅವರು ಹತ್ತಿ ಗಿರಣಿಗಳ ಮಾತೆತ್ತುತ್ತಾರೆ. ಒಂದು ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಮುಂದೆ ಆ ಗಿರಣಿಗಳು ಮುಚ್ಚಿದವು. ನೆರೆಯ ಹರಿಹರದಲ್ಲಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಇಂಥ ಊರಿನಲ್ಲಿ ನಮ್ಮ ದೇಶದ ವಸ್ತುವನ್ನೇ ಕೊಳ್ಳೋಣ ಎಂಬುದು ಬರೀ ಘೋಷಣೆಯಲ್ಲ, ಯಾರದೋ ಮನೆಯ ಒಲೆ ಉರಿಯುವ ಪ್ರಶ್ನೆ. ಆದರೆ ಯಾವುದು ನಮ್ಮ ದೇಶದ್ದೆಂದು ತಿಳಿಯುವುದು ಹೇಗೆ?

ಸರಸ್ವತಿ ನಗರದ ನೆಂಟರ ಮನೆಗೆ ನೀವು ಬಂದಿದ್ದೀರಿ ಎಂದಿಟ್ಟುಕೊಳ್ಳಿ. ಆಟೋ ಹತ್ತಿ ಮಂಡಿಪೇಟೆ, ಚೌಕಿಪೇಟೆಯ ಕಡೆ ಹೋಗಿಬರೋಣ.

ಮೊದಲು ಕಿರಾಣಿ ಅಂಗಡಿ. ಪೊಟ್ಟಣವೊಂದನ್ನು ಎತ್ತಿಕೊಂಡು ಅದರ ಹಿಂಬದಿ ತಿರುಗಿಸಿ. ಮುಂಬದಿಯ ಚಿತ್ರ, ಬಣ್ಣ, ಹೆಸರು ಎಲ್ಲವೂ ನಿಮ್ಮನ್ನು ಕರೆಯಲಿಕ್ಕೆ. ನಿಮಗೆ ಬೇಕಾದ ಮಾಹಿತಿ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಅಲ್ಲಿ ತಯಾರಕರ ಹೆಸರು, ವಿಳಾಸ ಇರಬೇಕು. ಹೊರದೇಶದಿಂದ ಬಂದ ವಸ್ತುವಾದರೆ ಆಮದು ಮಾಡಿದವರ ವಿಳಾಸ ಮತ್ತು ತಯಾರಾದ ದೇಶದ ಹೆಸರು ಇರಬೇಕು. ಇಲ್ಲಿಯೇ ತಯಾರಾದ ವಸ್ತುವಿನ ಮೇಲೆ ದೇಶದ ಹೆಸರನ್ನು ಪ್ರತ್ಯೇಕವಾಗಿ ಹಾಕದಿದ್ದರೆ ಗಾಬರಿಯಾಗಬೇಡಿ. ತಯಾರಕರ ವಿಳಾಸವೇ ಅದಕ್ಕೆ ಉತ್ತರ.

ಆದರೆ ಒಂದು ಎಚ್ಚರ ಬೇಕು. 'ಮ್ಯಾನುಫ್ಯಾಕ್ಚರ್ಡ್ ಬೈ' ಎಂದರೆ ತಯಾರಿಸಿದವರು. 'ಮಾರ್ಕೆಟೆಡ್ ಬೈ' ಎಂದರೆ ಮಾರುವವರು ಮಾತ್ರ. 'ಪ್ಯಾಕ್ಡ್ ಬೈ' ಎಂದರೆ ಪೊಟ್ಟಣ ಕಟ್ಟಿದವರು. ರಂಜಾನ್ ತಿಂಗಳಿಗೆಂದು ಕೊಳ್ಳುವ ಖರ್ಜೂರದ ಡಬ್ಬಿಯನ್ನೇ ನೋಡಿ. ಡಬ್ಬಿ ತುಂಬಿದ್ದು ನಮ್ಮ ದೇಶದಲ್ಲಾಗಿರಬಹುದು, ಹಣ್ಣು ಬೆಳೆದದ್ದು ಇರಾನಿನಲ್ಲೋ ಸೌದಿಯಲ್ಲೋ ಆಗಿರಬಹುದು. ಎರಡೂ ಸಾಲುಗಳನ್ನು ಓದಿ.

ಬಾರ್‌ಕೋಡಿನ ಸಂಖ್ಯೆ 890ರಿಂದ ಶುರುವಾದರೆ ಭಾರತದ್ದೇ ವಸ್ತು ಎಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಆ ಕಂಪನಿ ಬಾರ್‌ಕೋಡ್ ಸಂಖ್ಯೆಯನ್ನು ಭಾರತದಲ್ಲಿ ಪಡೆದಿದೆ ಎಂದಷ್ಟೇ ಅದರ ಅರ್ಥ. ಸರಕು ಎಲ್ಲಿಂದಲೂ ಬಂದಿರಬಹುದು.

ಮಕ್ಕಳ ಆಟಿಕೆಗೂ ಇದೇ ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ವಿದೇಶಿ ಕಾರ್ಖಾನೆಗಳೂ ಪರವಾನಗಿ ಪಡೆದು ಆ ಗುರುತನ್ನು ಹಾಕಬಹುದು. ಅದು ಗುಣಮಟ್ಟದ ಭರವಸೆ, ಹುಟ್ಟೂರಿನ ಗುರುತಲ್ಲ. ಪರವಾನಗಿ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಮೊಬೈಲಿನ 'ಬಿಐಎಸ್ ಕೇರ್' ಆ್ಯಪಿನಲ್ಲಿ ನೀವೇ ಪರೀಕ್ಷಿಸಬಹುದು.

ಇನ್ನು ಬಟ್ಟೆ ಅಂಗಡಿ. 'ದುಬೈ ಬುರ್ಖಾ' ಎಂದು ಅಂಗಡಿಯವರು ಬಿಚ್ಚಿ ತೋರಿಸುತ್ತಾರೆ. ದುಬೈ ಎಂಬುದು ಅಲ್ಲಿ ಮಾದರಿಯ ಹೆಸರಾಗಿರಬಹುದು. ಬಟ್ಟೆ ಒಂದು ದೇಶದ್ದು, ಹೊಲಿಗೆ ನಮ್ಮ ದೇಶದ್ದೇ ಆಗಿರಬಹುದು. ಹೆಸರಿಗೆ ಹೆಚ್ಚು ಹಣ ಕೊಡುವ ಮುನ್ನ ಒಳಗಿನ ಚೀಟಿ ನೋಡಿ.

ಚೀಟಿ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ತಿಳಿಯಲು ಹರಿಹರಕ್ಕೆ ಬನ್ನಿ. ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆಯ ಕುಮಾರಪಟ್ಟಣ. ಅಲ್ಲಿ ಗ್ರಾಸಿಮ್ ಕಾರ್ಖಾನೆಯವರು ಮರದ ತಿರುಳಿನಿಂದ ವಿಸ್ಕೋಸ್ ನಾರು ತೆಗೆಯುತ್ತಾರೆ. ಮನೆಯಲ್ಲಿ ತೊಡುವ ರೇಯಾನ್ ನೈಟಿಯ ಬಟ್ಟೆ ಇಂಥ ನಾರಿನದೇ. ನಾರು ಒಂದು ಕಡೆ, ನೂಲು ಇನ್ನೊಂದು ಕಡೆ, ನೇಯ್ಗೆ ಮತ್ತೊಂದು ಕಡೆ, ಹೊಲಿಗೆ ಮಗದೊಂದು ಕಡೆ ಆಗುವುದುಂಟು. ಭಾರತದ ನೂಲು ಬಾಂಗ್ಲಾದೇಶಕ್ಕೆ ಹೋಗಿ ಉಡುಪಾದರೆ ಚೀಟಿಯ ಮೇಲೆ ಬಾಂಗ್ಲಾದೇಶ ಎಂದೇ ಇರುತ್ತದೆ. ವಸ್ತು ಕೊನೆಗೆ ಸಿದ್ಧರೂಪ ಪಡೆದ ದೇಶವನ್ನು ಚೀಟಿ ಹೇಳುತ್ತದೆ, ಅದರ ಹಿಂದಿನ ಎಲ್ಲ ಕೈಗಳನ್ನು ಹೇಳುವುದಿಲ್ಲ. ಹಾಗೆಯೇ 'ಮೇಡ್ ಇನ್ ಇಂಡಿಯಾ' ಎಂದಿರುವ ಮಿಕ್ಸಿಯೊಳಗೆ ಹೊರದೇಶದ ಬಿಡಿಭಾಗಗಳು ಇರಬಹುದು. ಇದನ್ನು ಮೋಸವೆಂದು ತಿಳಿಯಬೇಕಿಲ್ಲ. ಆದರೆ ಚೀಟಿಯನ್ನು ಅದು ಹೇಳಿದಷ್ಟಕ್ಕೇ ನಂಬಬೇಕು.

ಮರಳಿ ಬರುವಾಗ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹಾದು ಬನ್ನಿ. ಇಲ್ಲಿ ನಮ್ಮವರ ಎಷ್ಟೋ ಕುಟುಂಬಗಳು, ಹೆಂಗಸರೂ ಸೇರಿ, ಭಟ್ಟಿಯ ಬಿಸಿಯಲ್ಲಿ ದುಡಿಯುತ್ತವೆ. ಮೂಟೆಯಿಂದ ಅಳೆದು ಕೊಡುವ ಮಂಡಕ್ಕಿಗೆ ಚೀಟಿಯೂ ಇಲ್ಲ, ಬಾರ್‌ಕೋಡೂ ಇಲ್ಲ. ದೇಶದ್ದನ್ನು ಕೊಳ್ಳಬೇಕೆಂಬ ಆಸೆಯಿದ್ದರೆ ಇಂಥ ವಸ್ತುಗಳನ್ನು ಮರೆಯಬೇಡಿ. ಎಲ್ಲಿ ಹುರಿದದ್ದು ಎಂದು ಒಂದು ಮಾತು ಕೇಳಿದರೆ ಸಾಕು.

ಪೊಟ್ಟಣದ ಮೇಲೆ ತಯಾರಕರ ವಿಳಾಸವಿಲ್ಲದಿದ್ದರೆ, ಆಮದು ವಸ್ತುವಿನ ಮೇಲೆ ದೇಶದ ಹೆಸರಿಲ್ಲದಿದ್ದರೆ, ಅಂಗಡಿಯವರನ್ನು ವಿಚಾರಿಸಿ, ಬಿಲ್ಲು ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಹೇಳಬಹುದು. ಮನೆಯ ಖರ್ಚಿನ ಲೆಕ್ಕ ಬಹುತೇಕ ನಿಮ್ಮ ಕೈಯಲ್ಲಿಯೇ ಇದೆಯಲ್ಲವೇ, ಸೋದರಿಯರೇ? ಆ ಹಣ ಯಾವ ಊರಿನ ಯಾರ ಕೈ ಸೇರುತ್ತದೆಂದು ತಿಳಿಯುವ ಹಕ್ಕೂ ನಿಮ್ಮದೇ.