ಮಂಗಳವಾರದ ನಂಜನಗೂಡು

ನಂಜನಗೂಡಿಗೆ ಎಲ್ಲರೂ ಹೋಗೋದು ಸೋಮವಾರ. ನಾವು ಹೋಗ್ತಿದ್ದದ್ದು ಮಂಗಳವಾರ. ಅದಕ್ಕೆ ಕಾರಣ ಮಗನ ಡಾಕ್ಟರು.

ಆಗ ನಾವು ಬೆಂಗಳೂರಲ್ಲಿದ್ವಿ, ಮಗನಿಗೆ ನಾಲ್ಕು ವರ್ಷ. ಬೆಳಿಗ್ಗೆ ಏಳುವಾಗ ಅವನ ಕಣ್ಣು ಊದಿರ್ತಿತ್ತು, ಮಧ್ಯಾಹ್ನಕ್ಕೆ ಇಳೀತಿತ್ತು. ಸೊಳ್ಳೆ ಕಚ್ಚಿರಬೇಕು ಅಂತ ನಾನು, ಅಲರ್ಜಿ ಇರಬೇಕು ಅಂತ ಇವರು. ವಾರ ಕಳೆಯೋದ್ರೊಳಗೆ ಕಾಲೂ ಊದಿತು. ಸಾಕ್ಸ್ ತೆಗೆದರೆ ಅದರ ಗುರುತು ಗುಳಿಬಿದ್ದು ಹಾಗೇ ಉಳೀತಿತ್ತು. ಪರೀಕ್ಷೆ ಮಾಡಿಸಿದಾಗ ನೆಫ್ರೋಟಿಕ್ ಸಿಂಡ್ರೋಮ್ ಅಂದ್ರು. ಕಿಡ್ನಿಯ ಜರಡಿ ಸಡಿಲವಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಹೋಗಿಬಿಡುವ ಕಾಯಿಲೆ. ಹೆಚ್ಚಿನ ಮಕ್ಕಳಲ್ಲಿ ಸ್ಟಿರಾಯ್ಡ್ ಮಾತ್ರೆಗೆ ಬಗ್ಗುತ್ತೆ, ಆದರೆ ಮತ್ತೆ ಮತ್ತೆ ಮರುಕಳಿಸಬಹುದು, ದೊಡ್ಡವನಾಗುತ್ತಾ ಬಿಟ್ಟುಹೋಗುವ ಸಾಧ್ಯತೆಯೇ ಹೆಚ್ಚು ಅಂತ ಹೇಳಿದ್ರು. ಅಲ್ಲೀವರೆಗೆ ದಿನಾ ಬೆಳಿಗ್ಗೆ ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡಬೇಕು. ಹಳದಿಯಾಗೇ ಇದ್ದರೆ ನೆಮ್ಮದಿ. ಹಸಿರು ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಮೂರು ದಿನ ಸತತವಾಗಿ ಕಡು ಹಸಿರು ಬಂದರೆ ಫೋನ್ ಮಾಡಿ ಅಂದ್ರು.

ನಾನು ಕೆಲಸ ಬಿಟ್ಟೆ. ಐದು ತಿಂಗಳಿಗೆ ಇವರ ಕೆಲಸ ಹೋಯ್ತು. ಲ್ಯಾಪ್‌ಟಾಪ್ ಮುಂದೆ ಇಪ್ಪತ್ತು ನಿಮಿಷದ ಮಾತು, ಅಷ್ಟೇ. ಸಂಬಳಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ಶೂರೆನ್ಸ್. ಆಫೀಸಿನ ಗುಂಪು ವಿಮೆ ಕೆಲಸದ ಜೊತೆಗೇ ಮುಗೀತು. ಹೊಸ ಪಾಲಿಸಿ ಕೇಳಿದರೆ, ಈಗಾಗಲೇ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು ಅಂದ್ರು. (ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಅವಕಾಶ ಇದೆ ಅನ್ನೋದು ನಮಗೆ ತಡವಾಗಿ ಗೊತ್ತಾಯ್ತು. ನೀವು ಕೊನೆಯ ದಿನಕ್ಕೆ ಮೊದಲೇ ಕೇಳಿಡಿ.) ಬಾಡಿಗೆ ಮನೆ ಖಾಲಿ ಮಾಡಿ ಮೈಸೂರಿಗೆ ಅತ್ತೆಯ ಮನೆಗೆ ಬಂದ್ವಿ.

ಬಂದ ಮಾರನೇ ದಿನವೇ ಅತ್ತೆ, "ನಂಜುಂಡಪ್ಪನಿಗೆ ಹರಕೆ ಹೊತ್ತಿದೀನಿ, ಉರುಳು ಸೇವೆ" ಅಂದ್ರು. ಸ್ಟಿರಾಯ್ಡ್ ತಗೊಳ್ಳೋ ಮಗುವಿಗೆ ಸೋಂಕು ಬೇಗ ತಗಲುತ್ತೆ, ಜನಜಂಗುಳಿ ಬೇಡ ಅಂತ ಡಾಕ್ಟರು ಹೇಳಿದಾರೆ ಅಂತ ನಾನು ರಾಗ ಎಳೆದೆ. ದೊಡ್ಡ ಜಗಳಕ್ಕೆ ತಯಾರಾಗಿದ್ದೆ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಹಾಗಾದ್ರೆ ಸೋಮವಾರ ಬೇಡಮ್ಮ, ಮಂಗಳವಾರ ಹೋಗೋಣ. ಅವನೇನು ಮಂಗಳವಾರ ರಜಾ ಹಾಕ್ತಾನಾ?"

ಮೈಸೂರಿನಿಂದ ನಂಜನಗೂಡಿಗೆ 23 ಕಿಲೋಮೀಟರ್ ಆಸುಪಾಸು. ಬಸ್ಸು ಬೇಕಾದಷ್ಟಿವೆ, ಮಗನಿಗೆ ಮಾತ್ರ ರೈಲೇ ಆಗಬೇಕು. ಅಶೋಕಪುರಂನಲ್ಲಿ ಹತ್ತಿದರೆ ಕಡಕೊಳ, ತಾಂಡವಪುರ ದಾಟಿ ಕಪಿಲೆ ಕಾಣಿಸುತ್ತೆ. ಪಕ್ಕದಲ್ಲೇ 1735ರಲ್ಲಿ ಕಟ್ಟಿದ ಹಳೇ ಸೇತುವೆ. ಒಂದು ಕಾಲಕ್ಕೆ ಗಾಡಿಗಳೂ ರೈಲೂ ಅದರ ಮೇಲೇ ಹೋಗ್ತಿದ್ದವು. ಇವರು ಆಫೀಸಿನ ಹಳೇ ಬ್ಯಾಗನ್ನೇ ತರ್ತಿದ್ರು. ಲ್ಯಾಪ್‌ಟಾಪ್ ಇರ್ತಿದ್ದ ಜಾಗದಲ್ಲಿ ಉಪ್ಪಿಲ್ಲದ ತಿಂಡಿಯ ಡಬ್ಬಿ, ಮಾತ್ರೆ, ಬದಲಿ ಬಟ್ಟೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ದೇವಸ್ಥಾನದಲ್ಲಿ ನಿಂತ ಗಂಡಸನ್ನ ಎಲ್ಲರೂ ನೋಡ್ತಾರೆ ಅನ್ನೋ ಸಂಕೋಚ ಅವರಿಗೆ. ಯಾರೂ ನೋಡ್ತಿರಲಿಲ್ಲ. ಅಲ್ಲಿ ಬಂದವರಿಗೆಲ್ಲ ಅವರವರ ಫೈಲು ಅವರವರ ಕೈಲಿತ್ತು. ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರನ್ನ ಕಂಕುಳಲ್ಲಿಟ್ಟುಕೊಂಡೇ ಮಂಗಳಾರತಿ ತಗೊಂಡವರನ್ನ ನಾನೇ ನೋಡಿದೀನಿ.

ಗೋಪುರ 120 ಅಡಿ ಎತ್ತರ. ಒಳಗೆ ಹೋದರೆ ಕತ್ತಲು, ಎಣ್ಣೆಯ ವಾಸನೆ, ತಣ್ಣನೆ ಕಲ್ಲು. ಪ್ರಾಕಾರದಲ್ಲಿ ಸಾಲಾಗಿ ನಿಂತ ಶಿವಭಕ್ತರ ವಿಗ್ರಹಗಳನ್ನ ಮಗ ಪ್ರತಿ ಸಲ ಎಣಿಸಿ ಪ್ರತಿ ಸಲ ತಪ್ಪುತ್ತಿದ್ದ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಹೋಗಿತ್ತಂತೆ, ಇಲ್ಲಿ ಪೂಜೆ ಮಾಡಿಸಿದ ಮೇಲೆ ಬಂತಂತೆ, ಅವನು ದೇವರನ್ನ 'ಹಕೀಂ ನಂಜುಂಡ' ಅಂತ ಕರೆದು ಪಚ್ಚೆ ಲಿಂಗ ಕೊಟ್ಟನಂತೆ. ಈ ಕಥೆ ಮಗನಿಗೆ ಬಾಯಿಪಾಠ. ಅವನಿಗೆ ಆನೆ ಮುಖ್ಯ. ನನಗೆ ಆ ಕಥೆ ಉಪಯೋಗಕ್ಕೆ ಬಂದದ್ದು ಬೇರೆ ರೀತಿ.

ಸಂಬಂಧಿಕರೊಬ್ಬರು ಮನೆಗೆ ಬಂದಿದ್ದಾಗ ಮಗನ ಊದಿದ ಕೆನ್ನೆ ನೋಡಿ (ಸ್ಟಿರಾಯ್ಡಿಗೆ ಮುಖ ದುಂಡಗಾಗುತ್ತೆ), "ಇಷ್ಟು ಸಣ್ಣ ಮಗುವಿಗೆ ಇಂಗ್ಲಿಷ್ ಔಷಧಿ ಯಾಕೆ? ನಿಲ್ಸಿ, ದೇವರ ಮೇಲೆ ಭಾರ ಹಾಕಿ" ಅಂದ್ರು. ಆ ಮಾತ್ರೆಯನ್ನ ಇದ್ದಕ್ಕಿದ್ದಂತೆ ನಿಲ್ಲಿಸೋದು ಅಪಾಯ. ನಿಜ ಹೇಳ್ತೀನಿ, ಹಣದ ಲೆಕ್ಕ ಹಾಕ್ತಿದ್ದ ಆ ದಿನಗಳಲ್ಲಿ ಆ ಮಾತು ನನ್ನ ಕಿವಿಗೆ ಒಂದು ಗಳಿಗೆ ಹಿತವಾಗಿಯೇ ಕೇಳಿಸಿತು. ಅತ್ತೆ ಕಾಫಿ ಲೋಟ ಇಡ್ತಾ ಹೇಳಿದ್ರು: "ನಾವು ಹೋಗ್ತಿರೋದೇ ಹಕೀಮನ ಹತ್ರ. ಅವನ ಬಾಗಿಲಿಗೆ ಹೋಗಿ ಔಷಧಿ ಬಿಟ್ಟೆ ಅನ್ನೋದಾ?"

ದೇವರು, ಹರಕೆ ಅಂದ್ರೆ ಇವರಿಗೆ ಮೊದಲಿಂದ ಅಷ್ಟಕ್ಕಷ್ಟೆ. ಅತ್ತೆಯ ಮಂಡಿ ನೋವು ನೋಡಿ, "ಅಮ್ಮ, ನೀನು ಉರುಳಬೇಡ, ನಾನು ಮಾಡ್ತೀನಿ" ಅಂತ ಒಂದು ಮಂಗಳವಾರ ಹೊಳೆಗಿಳಿದು ಮುಳುಗಿ ಬಂದ್ರು. ಒದ್ದೆ ಪಂಚೆಯಲ್ಲಿ ಕಲ್ಲಿನ ನೆಲದ ಮೇಲೆ ಅಡ್ಡ ಮಲಗಿದ್ರು. ದೇವಸ್ಥಾನದ ಉದ್ದವೇ 385 ಅಡಿ. ನಡೆಯುವಾಗ ಗೊತ್ತಾಗಲ್ಲ, ಉರುಳುವವರ ಪಕ್ಕ ಹೆಜ್ಜೆ ಹಾಕುವಾಗ ಗೊತ್ತಾಗುತ್ತೆ. ಮೊದಲ ಮೂಲೆಗೇ ತಲೆ ಸುತ್ತಿ ಗೋಡೆ ಕಡೆ ಹೋದ್ರು. ಅತ್ತೆ ಕುಂಟುತ್ತಾ ಬಗ್ಗಿ ಭುಜ ಹಿಡಿದು ದಾರಿಗೆ ತಂದ್ರು, ಮಗು ಅಂಬೆಗಾಲಿಡುವಾಗ ತಿರುಗಿಸ್ತೀವಲ್ಲ, ಹಾಗೆ. ಮಗ "ಅಪ್ಪಾ, ಎಡಕ್ಕೆ! ಎಡಕ್ಕೆ!" ಅಂತ ಕೂಗ್ತಾ ಮುಂದೆ ಓಡ್ತಿದ್ದ. ಒಂದು ಸುತ್ತು ಮುಗಿದಾಗ ಮೊಣಕೈ ತರಚಿತ್ತು. ಎದ್ದು ಕೂರಲಾಗದೆ ಅಲ್ಲೇ ಮಲಗಿ ನಕ್ಕರು. ಕೆಲಸ ಹೋದ ಮೇಲೆ ಅವರು ನಕ್ಕಿದ್ದನ್ನ ಅವತ್ತೇ ನೋಡಿದ್ದು. ಯಾಕೆ ನಕ್ಕಿದ್ದು ಅಂತ ನಾನು ಕೇಳಲಿಲ್ಲ.

ಇಲ್ಲಿ ದೇವರಿಗೆ ಸುಗಂಧಿತ ಸಕ್ಕರೆ ಅರ್ಪಿಸ್ತಾರೆ. ಬೆಣ್ಣೆ, ಸಕ್ಕರೆ, ಒಣಶುಂಠಿ ಪುಡಿ ಬೆರೆಸಿದ್ದು. ನಂಜು ಉಂಡವನಿಗೆ ಅದು ಅರಗಲಿ ಅಂತ. ಇದನ್ನ ಅತ್ತೆ ಮಗನಿಗೆ ಹೇಳಿದ್ದು ದಕ್ಷಿಣಾಮೂರ್ತಿಯಂತೆ ಗಂಭೀರವಾಗಿ ಕೂತು. "ನಂಜುಂಡಪ್ಪಂಗೂ ಔಷಧಿ ಇದೆಯಾ?" "ಇದೆ ಕಂದ." "ಕಹಿಯಾ?" "ಶುಂಠಿ ಖಾರ ಇರುತ್ತಪ್ಪ." ಅದುವರೆಗೆ ಬೆಳಿಗ್ಗೆ ಆ ಕಹಿ ಮಾತ್ರೆ ನುಂಗಿಸೋಕೆ ನಮಗೆ ಅರ್ಧ ಗಂಟೆ ಬೇಕಿತ್ತು. ಒಬ್ಬರು ಕೈ ಹಿಡಿದು, ಒಬ್ಬರು ಬಾಯಿ ತೆರೆಸಿ, ಅವನು ಉಗುಳಿ, ನಾನು ಅತ್ತು.

ನೀವು ಹೋದರೆ ಗುಡಿಯ ಮುಂದೆ ಬಾಳೆಹಣ್ಣು ಕೊಳ್ಳುವಾಗ ರಸಬಾಳೆ ತಾನಾ ಅಂತ ಎರಡು ಸಲ ಕೇಳಿ. ಸೊರಗು ರೋಗ ಬಂದು ತೋಟಗಳು ಕಡಿಮೆಯಾಗಿವೆ, ಹೆಸರು ಮಾತ್ರ ಎಲ್ಲಾ ಗೊನೆಗೂ ಇದೆ.

ಈಗ ಇವರಿಗೆ ಮೈಸೂರಲ್ಲೇ ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಕಡಿಮೆ, ಮಂಗಳವಾರ ರಜೆ ಇಲ್ಲ. ನಾನು, ಅತ್ತೆ, ಮಗ ಹೋಗಿ ಬರ್ತೀವಿ. ಕಳೆದ ತಿಂಗಳು ಪಟ್ಟಿ ಮತ್ತೆ ಮೂರು ದಿನ ಕಡು ಹಸಿರಾಯ್ತು, ಮಾತ್ರೆ ಮತ್ತೆ ಶುರುವಾಗಿದೆ. ಬೆಳಿಗ್ಗೆ ತಿಂಡಿ ಆದಮೇಲೆ ಮಗ ಮಾತ್ರೆಯನ್ನ ಅಂಗೈಲಿ ಹಿಡಿದು ಕೇಳ್ತಾನೆ, "ಅಜ್ಜಿ, ನಂಜುಂಡಪ್ಪ ತಗೊಂಡ್ನಾ?"

ಅತ್ತೆ ಗಡಿಯಾರ ನೋಡಿ, "ಇಷ್ಟೊತ್ತಿಗೆ ತಗೊಂಡಿರ್ತಾನೆ ಕಂದ" ಅಂತಾರೆ. ಅವನು ನುಂಗಿ ನೀರು ಕುಡೀತಾನೆ.