ಕೂಡಿಟ್ಟ ಕಾವು

ನಮ್ಮ ಹೊಳೆಮಣ್ಣೂರಿನಲ್ಲಿ ಹತ್ತಿಕಟ್ಟಿಗೆ, ಕುಳ್ಳು ಒಟ್ಟಿ ರೊಟ್ಟಿ ಬೇಯಿಸುವವರು ಕೊನೆಯ ರೊಟ್ಟಿಗೆ ಹೊಸ ಉರಿ ಹಾಕುವುದಿಲ್ಲ. ಉರಿ ಇಳಿದರೂ ಕಾದ ಹಂಚು ಅದನ್ನು ಬೇಯಿಸುತ್ತದೆ. ಆ ರೊಟ್ಟಿ ಪುಕ್ಕಟೆ ಬೆಂದಿತೆಂದರೆ ನಮ್ಮ ಅತ್ತೆಯವರು ಒಪ್ಪುತ್ತಿರಲಿಲ್ಲ. "ಹಂಚು ಕಾಯಾಕ ಎಷ್ಟ ಕಟಗಿ ತಿಂತು, ಅದನ್ನೂ ಲೆಕ್ಕಾ ಹಿಡಿಯವ್ವ" ಎನ್ನುತ್ತಿದ್ದರು.

ಇದೇ ತಕರಾರು ದೊಡ್ಡ ವಿಜ್ಞಾನಿಗಳ ನಡುವೆಯೂ ಎದ್ದಿತ್ತು. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ರಸಾಯನ ವಿಜ್ಞಾನಿಗಳು ಒಂದು ಸುದ್ದಿ ಕೊಟ್ಟರು. ಭಾರಜಲದಲ್ಲಿ ಪಲ್ಲಾಡಿಯಂ ಲೋಹದ ಕಡ್ಡಿ ಇಳಿಬಿಟ್ಟು ವಿದ್ಯುತ್ತು ಹರಿಸಿದರೆ, ಕೊಟ್ಟದ್ದಕ್ಕಿಂತ ಹೆಚ್ಚು ಕಾವು ಬರುತ್ತದಂತೆ! ಸೂರ್ಯನೊಳಗೆ ನಡೆಯುವಂಥ ಪರಮಾಣು ಬೀಜಗಳ ಕೂಡಿಕೆ ಗಾಜಿನ ಪಾತ್ರೆಯಲ್ಲಿಯೇ ನಡೆಯಿತೆಂದರು. ಇದಕ್ಕೆ ಕೋಲ್ಡ್ ಫ್ಯೂಜನ್, ಅಂದರೆ ಶೀತ ಸಮ್ಮಿಲನ ಎಂದು ಹೆಸರಾಯಿತು.

ಪಲ್ಲಾಡಿಯಂ ಬಲು ವಿಚಿತ್ರ ಲೋಹ. ಅರಿವೆ ನೀರು ಹೀರಿದಂತೆ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರುತ್ತದೆ. ದಿನಗಟ್ಟಲೆ ಹೀರಿದ ಅನಿಲ ಒಮ್ಮೆಲೇ ಹೊರಬಿದ್ದು ಆಮ್ಲಜನಕದೊಡನೆ ಉರಿದರೆ ಕಾವು ಬಂದೇ ಬರುತ್ತದೆ. ಅದು ಕೂಡಿಟ್ಟದ್ದು, ಹೊಸ ಗಳಿಕೆಯಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಒಂದು ಘನ ಸೆಂಟಿಮೀಟರ್ ಪಲ್ಲಾಡಿಯಂ ತುಂಬ ಹೀರಿದ ಅನಿಲ ಪೂರ್ತಿ ಉರಿದರೂ ಬರುವುದು ಸುಮಾರು 17 ಸಾವಿರ ಜೂಲ್. ಅರ್ಧ ಕಪ್ಪು ಚಹಾದ ನೀರು ಕುದ್ದೀತು, ಅಷ್ಟೆ. ಅವರು ಹೇಳಿದ್ದು 120 ತಾಸಿನಲ್ಲಿ 40 ಲಕ್ಷ ಜೂಲ್‌ಗಿಂತ ಹೆಚ್ಚು. ಅದಕ್ಕೆ ಹನ್ನೆರಡು ಲೀಟರಿನ ಒಂದು ಕೊಡ ನೀರೇ ಕುದಿಯಬೇಕು! ಅಂದಮೇಲೆ ಕೂಡಿಟ್ಟ ಗಂಟು ಈ ಖರ್ಚಿಗೆ ಸಾಲದು. ಅಲ್ಲೊಮ್ಮೆ ಇಲ್ಲೊಮ್ಮೆ ಭುಗಿಲೆದ್ದ ಕಾವಿಗೆ ಅದು ಸಾಕಾದೀತು, ಅಷ್ಟೆ.

ಹಾಗಾದರೆ ಗುಪ್ತ ಆದಾಯ ಇತ್ತೇ? ಮನೆ ನಡೆಸುವವಳು ಅಷ್ಟು ಬೇಗ ನಂಬುವುದಿಲ್ಲ, ಮೊದಲು ವಹಿ ತೆಗೆದು ನೋಡುತ್ತಾಳೆ. ಪಾತ್ರೆಯ ನೀರು ಎಲ್ಲ ಕಡೆ ಸಮನಾಗಿ ಕಾದಿತ್ತೇ, ಹೊರಹೋದ ಕಾವನ್ನು ಸರಿಯಾಗಿ ಅಳೆದಿದ್ದರೇ ಎಂದು ಕೇಳಿದವರು ಬಹಳ. ಅಮೆರಿಕದ ಎಂ.ಐ.ಟಿ., ಕಾಲ್ಟೆಕ್ ಮತ್ತು ಇಂಗ್ಲೆಂಡಿನ ಹಾರ್ವೆಲ್‌ನವರು ಮಾಡಿ ನೋಡಿದರೆ ಅಷ್ಟು ಕಾವು ಸಿಗಲಿಲ್ಲ. ಮೇಲಾಗಿ, ಅದು ನಮಗೆ ತಿಳಿದ ಬಗೆಯ ಸಮ್ಮಿಲನವೇ ಆಗಿದ್ದರೆ, ಹೊರಡುವ ನ್ಯೂಟ್ರಾನ್‌ಗಳು ಪಕ್ಕದಲ್ಲಿ ನಿಂತವರ ಜೀವ ತೆಗೆಯಬೇಕಿತ್ತು. ಅವರು ಪತ್ರಿಕಾಗೋಷ್ಠಿಗೆ ಬಂದಿದ್ದರು! ನನಗೆ ವಹಿಯ ಮೇಲೆಯೇ ಅನುಮಾನ.

ನಮ್ಮವರೂ ಹಿಂದೆ ಬೀಳಲಿಲ್ಲ. 1989ರಲ್ಲಿಯೇ ಪಿ.ಕೆ. ಅಯ್ಯಂಗಾರರ ನೇತೃತ್ವದಲ್ಲಿ ಟ್ರಾಂಬೆಯ ಭಾಭಾ ಕೇಂದ್ರದ ಹಲವು ತಂಡಗಳು ನ್ಯೂಟ್ರಾನ್, ಟ್ರೀಷಿಯಂ ಕಂಡೆವೆಂದು ವರದಿ ಮಾಡಿದವು. ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ 2015ರ ಫೆಬ್ರವರಿಯಲ್ಲಿ ಈ ವಿಷಯಕ್ಕೆ ವಿಶೇಷ ಪುಟಗಳನ್ನೇ ಕೊಟ್ಟಿತು. ಎಲ್ಲರೂ ಮುಖ ತಿರುಗಿಸಿದ ವಿಷಯವನ್ನು ಅಚ್ಚು ಮಾಡಿದ ಧೈರ್ಯ ನನಗೆ ಮೆಚ್ಚಿಕೆಯಾಯಿತು. 2019ರಲ್ಲಿ ಗೂಗಲ್ ಹಣ ಕೊಟ್ಟು ಮಾಡಿಸಿದ ಪರೀಕ್ಷೆಗಳ ಫಲ 'ನೇಚರ್'ನಲ್ಲಿ ಬಂತು. ಹೆಚ್ಚಿನ ಕಾವು ಸಿಕ್ಕಿರಲಿಲ್ಲ. ಕಾವನ್ನು ಇನ್ನಷ್ಟು ನಂಬಿಕೆಯಿಂದ ಅಳೆಯುವ ಉಪಕರಣಗಳು ಮಾತ್ರ ಅವರ ಕೈಸೇರಿದ್ದವು.